ಖಾಲಿ ಚಾಪೆಯ ಅಳು

ನಮ್ಮೂರಿನಲ್ಲಿ ಮೊದಲು ಅಳುತ್ತಾರೆ, ಸಾವು ಆಮೇಲೆ. ನಾನು ಮದುವೆಯಾಗಿ ಇಲ್ಲಿಗೆ ಬಂದ ಹನ್ನೊಂದನೇ ದಿನ ಅದನ್ನು ಮೊದಲ ಸಲ ಕಂಡೆ. ಎದುರು ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿದ್ದರು. ಚಾಪೆಯ ಮೇಲೆ ಯಾರೂ ಇರಲಿಲ್ಲ. ತಲೆ ಬರುವ ಕಡೆ ಒಂದು ಕಂಚಿನ ಬಟ್ಟಲು, ಅದರೊಳಗೆ ಉರಿಯುವ ಬತ್ತಿ. ಸುತ್ತ ಕೂತ ಹೆಂಗಸರು ಎದೆ ಬಡಿದುಕೊಂಡು ಅಳುತ್ತಿದ್ದರು. ಯಾರು ಹೋದರು ಎಂದು ಗಾಬರಿಯಿಂದ ಕೇಳಿದ್ದಕ್ಕೆ ನಮ್ಮತ್ತೆ, "ಇನ್ನೂ ಹೋಗಿಲ್ಲ ಕಣೇ, ಅಡುಗೆಮನೇಲಿ ಕೂತವ್ರೆ" ಎಂದರು. ಅರ್ಧ ಗಂಟೆಯಾದ ಮೇಲೆ ಆ ಮನೆಯ ಯಜಮಾನರು ಒಳಗಿನಿಂದ ಬಂದು, ಎಲ್ಲರ ಮುಖವನ್ನೂ ಒಂದು ಸಲ ನೋಡಿ, ಅದೇ ಚಾಪೆಯ ಮೇಲೆ ಕೂತು ಮೊಸರನ್ನ ಉಂಡರು. ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡರು. "ದೊಡ್ಡ ಸೊಸೆ ಚೆನ್ನಾಗಿ ಅತ್ತಳು" ಎಂದು ಹೇಳಿ ಬೆರಳು ನೆಕ್ಕಿದರು. ದೀಪ ಹಚ್ಚುವ ಹೊತ್ತಿಗೆ ಅವರು ಇರಲಿಲ್ಲ. ಆಮೇಲೆ ಆ ಮನೆಯಲ್ಲಿ ಒಬ್ಬರೂ ಅಳಲಿಲ್ಲ. ಮರುದಿನ ಬೆಳಿಗ್ಗೆ ಅವರ ಪಂಚೆ ಒಗೆದು ಒಣಹಾಕಿದ್ದರು.

ಹೊರಗೆ ಜನ ಸೇರುವುದರೊಳಗೆ ಇದನ್ನು ಬರೆದು ಮುಗಿಸಬೇಕು. ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ.

ಅಳು ಬೀಳದೆ ಈ ಊರಿನಲ್ಲಿ ಯಾರೂ ಹೋಗುವುದಿಲ್ಲ. ಕಾಯಿಲೆ ಎಷ್ಟೇ ಹಿಂಡಿದರೂ, ವಯಸ್ಸು ಎಷ್ಟೇ ಆದರೂ, ಉಸಿರು ಕಾದುಕೊಂಡು ಕೂತಿರುತ್ತದೆ. ಮೊದಲ ಅಳು ಆ ಮನೆಯ ಒಲೆಯಲ್ಲಿ ಬೆಂದದ್ದನ್ನು ಉಂಡವರದ್ದಾಗಬೇಕು, ಅದು ಮನಸ್ಸಿನಿಂದ ಬರಬೇಕು. ಮೊದಲಿನದು ಸರಿಯಾಗಿ ಬಿದ್ದರೆ ಉಳಿದವರು ಹೇಗೆ ಅತ್ತರೂ ನಡೆಯುತ್ತದೆ. ತಮ್ಮವರೆಲ್ಲ ಮುಂದೆ ಹೋಗಿ ತಾವೊಬ್ಬರೇ ಉಳಿದವರು ಕೆಲವು ಮನೆಗಳಲ್ಲಿದ್ದರು. ಅವರು ಒಣಗಿ, ಸಣ್ಣಗಾಗಿ, ಕಿಟಕಿಯ ಬಳಿ ಕೂತು, ಬೀದಿಯಲ್ಲಿ ಹೋಗುವವರನ್ನೆಲ್ಲ ಊಟಕ್ಕೆ ಕರೆಯುತ್ತಿದ್ದರು. "ಒಂದು ತುತ್ತು ಉಂಡು ಹೋಗವ್ವಾ, ಬಿಸಿ ಐತೆ." ಊರಿನವರು ತಲೆ ತಗ್ಗಿಸಿ ಬೇಗ ದಾಟುತ್ತಿದ್ದರು. ಉಂಡರೆ ಅಳಬೇಕಾಗುತ್ತದೆ. ಅತ್ತರೆ ಅವರು ಹೋಗುತ್ತಾರೆ. ಬೇರೆಯವರ ಸಾವಿಗೆ ಕೈ ಹಾಕಲು ಯಾರಿಗೆ ಧೈರ್ಯ? ಅತ್ತೆ ನನಗೆ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು: "ಒಂಟಿ ಮನೇಲಿ ನೀರು ಕೂಡ ಬಾಯಿಗೆ ಬಿಟ್ಕೋಬೇಡ."

ಇದೆಲ್ಲ ಬಂದದ್ದು ಒಂದು ಸಿನಿಮಾದಿಂದ. ಅದಕ್ಕೆ ಒಂದು ಹೆಸರು ಇತ್ತಂತೆ, ಈಗ ಯಾರೂ ಹೇಳುವುದಿಲ್ಲ. ನಮ್ಮೂರಿನಲ್ಲಿ 'ಚಿತ್ರ' ಎಂದರೆ ಅದೊಂದೇ. ಬೆಟ್ಟದ ಮೇಲೆ ಒಂದು ಜನ, ಅವರಿಗೆ ಸೊಡರವ್ವ ಎಂಬ ದೇವತೆ. ದೇವತೆಗೆ ವಿಗ್ರಹವಿಲ್ಲ, ಕಂಚಿನ ಬಟ್ಟಲಿನಲ್ಲಿ ಉರಿಯುವ ದೀಪವೇ ದೇವರು. ಅವರು ಎದುರಾದಾಗ ಕೈ ಮುಗಿಯುವುದಿಲ್ಲ, ಎರಡು ಬೆರಳಿನಿಂದ ಬಲಗಿವಿ ಮುಟ್ಟಿಕೊಳ್ಳುತ್ತಾರೆ. ಚಿತ್ರ ಬೇರೆ ಊರುಗಳಲ್ಲಿ ಮೂರು ದಿನವೂ ಓಡಲಿಲ್ಲವಂತೆ. ಕಂಪನಿಯವರು ರೀಲಿನ ಪೆಟ್ಟಿಗೆಯನ್ನು ವಾಪಸ್ಸು ಕೇಳಲೂ ಇಲ್ಲ. ಅದು ನಮ್ಮೂರ ಟಾಕೀಸಿನಲ್ಲೇ ಉಳಿಯಿತು, ಊರು ಅದರೊಳಗೆ ಉಳಿಯಿತು. ಇಲ್ಲಿ ಈಗಲೂ ಕಿವಿ ಮುಟ್ಟಿಕೊಂಡೇ ಮಾತು ಶುರು. ಮದುವೆ ಹೆಣ್ಣಿನ ಜೊತೆ ಕಂಚಿನ ಬಟ್ಟಲು ಬರುತ್ತದೆ. ವರ್ಷಕ್ಕೊಂದು ಭಾನುವಾರ ಮಧ್ಯಾಹ್ನ ಚಿತ್ರ ತೋರಿಸುತ್ತಾರೆ, ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುತ್ತಾರೆ. ಒಮ್ಮೆ ಆ ಕಥೆ ಬರೆದವರೇ ಸುದ್ದಿ ಕೇಳಿ ನಮ್ಮೂರಿಗೆ ಬಂದಿದ್ದರು. ತುಂಬ ವಯಸ್ಸಾಗಿತ್ತು. "ಸೊಡರವ್ವ ಗಿಡರವ್ವ ಏನೂ ಇಲ್ಲ, ಲಾಡ್ಜಿನಲ್ಲಿ ಕೂತು ನಾಲ್ಕು ದಿನದಲ್ಲಿ ನಾನೇ ಕಟ್ಟಿದ್ದು. ಆ ಹೀರೋಗೆ ಕಿವಿ ನೋವಿತ್ತು, ಪದೇ ಪದೇ ಮುಟ್ಟಿಕೊಳ್ಳೋನು. ಇರಲಿ ಬಿಡು ಅಂತ ಅದನ್ನೇ ನಮಸ್ಕಾರ ಮಾಡಿದ್ವಿ" ಎಂದು ನಕ್ಕರು. ಜನರೂ ಮರ್ಯಾದೆಗೆ ನಕ್ಕರು. "ಬರೆದಿದ್ದು ನೀವೇ ಸ್ವಾಮಿ, ಬರೆಸಿದ್ದು ಯಾರು?" ಎಂದು ಒಬ್ಬ ಮುದುಕಿ ಕೇಳಿದಳು. ಬಸ್ಸು ಹತ್ತುವಾಗ ಅವರ ಎರಡು ಬೆರಳು ತಾನಾಗಿ ಕಿವಿಗೆ ಹೋದದ್ದನ್ನು ನಾನು ನೋಡಿದೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮಕ್ಕಳ ತಪ್ಪು ತಿದ್ದುವ ಅಭ್ಯಾಸ ಮನೆಯಲ್ಲೂ ಬಿಡುತ್ತಿರಲಿಲ್ಲ. ಚಿಲಕ ಹಾಕಿದೆನೇ ಎಂದು ಎರಡು ಸಲ ನೋಡುವವಳು ನಾನು. ನನ್ನ ಗಂಡ ಕೆಂಪರಾಜು ಸರ್ವೆ ಇಲಾಖೆಯಲ್ಲಿದ್ದರು. ಒಂದು ಬೇಸಿಗೆಯಲ್ಲಿ ದೂರದ ಊರಿನ ಆಸ್ಪತ್ರೆಯಲ್ಲಿ, ಜ್ವರ ಬಂದು ಮೂರನೇ ದಿನಕ್ಕೆ ತೀರಿಕೊಂಡರು. ನಮ್ಮೂರಿನ ನಿಯಮ ಊರ ಗಡಿಯಲ್ಲಿ ನಿಲ್ಲುತ್ತದೆ. ಅವರಿಗೆ ಮುಂಚೆ ಅಳುವವರು ಸಿಗಲಿಲ್ಲ. ಹೋದ ಮೇಲೆ ಅಳುವುದು ಇಲ್ಲಿ ಪದ್ಧತಿಯಲ್ಲ. ದೇಹ ಬಂದಾಗ ಊರಿನವರೆಲ್ಲ ಒಣ ಕಣ್ಣಿನಿಂದ ನಿಂತಿದ್ದರು, ನಾನೂ ಹಾಗೇ ನಿಂತಿದ್ದೆ. ಅತ್ತೆ ಹೊನ್ನಾಜಮ್ಮ ಮಗನ ಕಿವಿಯ ಹತ್ತಿರ ಬಗ್ಗಿ, ಅದನ್ನು ಬೆರಳಿನಿಂದ ಸವರಿ, "ಇವನಿಗೆ ಏನೂ ಕೇಳಿಸದೆ ಹೋಯ್ತಲ್ಲೇ" ಎಂದರು. ಅಷ್ಟೇ.

ಆಮೇಲೆ ಮನೆಯಲ್ಲಿ ಉಳಿದದ್ದು ಅವರು ಮತ್ತು ನಾನು. ಇಪ್ಪತ್ತು ವರ್ಷ ಒಂದೇ ಒಲೆಯ ಊಟ. ಅವರಿಗೆ ಎಂಬತ್ತೇಳಾದಾಗ ಸೊಂಟ ಮುರಿದು ಮಲಗಿದರು. ಬೆನ್ನು ಹುಣ್ಣಾಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಹೊರಗಿನವರು. ನಾಡಿ ಹಿಡಿದು, ಗಡಿಯಾರ ನೋಡಿ, ಮತ್ತೆ ನಾಡಿ ಹಿಡಿದು ಎದ್ದು ಹೋಗುತ್ತಿದ್ದರು. ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ವನಜಾ, ನಂದು ಮಾಡ್ಸಿಬಿಡೇ."

"ಏನು ಅತ್ತೆ?"

"ಏನು ಅಂತ ಕೇಳ್ತಾಳೆ ನೋಡು, ಓದಿದವಳು. ಅಳು ಕಣೇ."

"ನಾನು ಅತ್ತರೆ ನೀವು ಹೋಗ್ತೀರಿ."

"ಮತ್ತೆ? ಇನ್ಯಾತಕ್ಕೆ ಅಳು ಅಂತಿದೀನಿ, ಕಡ್ಲೆಪುರಿ ಹಂಚೋಕಾ?"

ನಾನು ಲೋಟ ತೊಳೆಯುವ ನೆಪದಲ್ಲಿ ಎದ್ದು ಹೋದೆ. ದಿನಾ ಇದೇ ಆಯಿತು. ಅವರು ಬೈದರು, ಗೋಗರೆದರು, ತಮಾಷೆ ಮಾಡಿದರು. "ಬರಲ್ಲ ಅಂದ್ರೆ ಈರುಳ್ಳಿ ಹೆಚ್ಕೊಂಡು ಕೂತ್ಕೋ" ಎಂದರು. "ಕೆಂಪಂಗೆ ಅಳು ಇಲ್ಲ, ನಂಗೂ ಬೇಡ ಅಂತೀಯಾ? ನಮ್ಮ ಮನೇಲಿ ಯಾರಿಗೂ ಕೇಳೋ ಭಾಗ್ಯ ಇಲ್ವೇನೇ?" ಎಂದಾಗ ಮಾತ್ರ ಅವರ ಗಂಟಲು ಬೇರೆಯಾಗಿತ್ತು. ಒಮ್ಮೆ ಚಾಪೆ ಹಾಸಿ ಕೂತು ನೋಡಿದೆ. ಬಟ್ಟಲಿಗೆ ಎಣ್ಣೆ ಹಾಕಿದೆ. ಕಣ್ಣು ಉರಿಯಿತೇ ಹೊರತು ನೀರು ಬರಲಿಲ್ಲ. ನನ್ನ ಬಾಯಿಂದ ಹೊರಟ ಸದ್ದಿಗೆ ಒಂದು ಜೀವ ನಿಲ್ಲುತ್ತದೆ ಎಂಬುದು ನೆನಪಾಗಿ ಬಾಯಿಗೆ ಸೆರಗು ಒತ್ತಿಕೊಂಡೆ. ನಿಜ ಹೇಳಬೇಕೆಂದರೆ ಇನ್ನೊಂದೂ ಇತ್ತು: ಅವರು ಹೋದರೆ ಈ ಮನೆಯಲ್ಲಿ ನಾನೊಬ್ಬಳೇ. ಕಿಟಕಿಯಲ್ಲಿ ಕೂತು ದಾರಿಹೋಕರನ್ನು ಊಟಕ್ಕೆ ಕರೆಯುವವಳು ನಾನು. ಒಳಕೋಣೆಯಿಂದ ಅತ್ತೆಯ ದನಿ ಬಂತು: "ಏನೇ, ಶುರು ಮಾಡಿದ್ಯಾ? ಕೇಳ್ತಾನೇ ಇಲ್ಲ." ನಾನು ಬತ್ತಿ ಆರಿಸಿ ಚಾಪೆ ಸುತ್ತಿಟ್ಟೆ.

ಆ ವರ್ಷ ಚಿತ್ರದ ಭಾನುವಾರಕ್ಕೆ ಹತ್ತು ದಿನ ಇರುವಾಗ ಟಾಕೀಸಿನವರು ನನ್ನನ್ನು ಕರೆಸಿದರು. ರೀಲು ಡಬ್ಬಗಳ ಮೇಲಿನ ಹಳೆಯ ಚೀಟಿಗಳು ಉದುರಿಹೋಗಿದ್ದವು, ನನ್ನ ಅಕ್ಷರ ದುಂಡಗಿದೆ, ಬರೆದು ಅಂಟಿಸಬೇಕಂತೆ. ಮಷಿನ್ ರೂಮಿನಲ್ಲಿ ಆಪರೇಟರ್ ಬುಡೇನ್ ಸಾಬರು ಇದ್ದರು. ಆ ಪೆಟ್ಟಿಗೆಯನ್ನು ಮೊದಲ ದಿನ ಬಿಚ್ಚಿದವರೂ ಅವರೇ. ಅವರ ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಬೀಬಿಗೆ ಅವರೇ ಮೊದಲ ಅಳು ಅತ್ತು ಕಳಿಸಿ ನಲವತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಅವರು ಟಾಕೀಸಿನಲ್ಲೇ ಮಲಗಿ, ಅಲ್ಲೇ ಏಳುತ್ತಿದ್ದರು. ಕಾಗದದ ಹಾಗೆ ಹಗುರಾಗಿದ್ದರು.

ಹದಿನಾಲ್ಕು ಡಬ್ಬ. ನಾನು ತಪ್ಪು ಹುಡುಕುವವಳು, ಸುಮ್ಮನೆ ಬರೆಯಲು ಬರುವುದಿಲ್ಲ. ಡಬ್ಬದೊಳಗೆ ಫಿಲ್ಮಿನ ತುದಿಯಲ್ಲಿ ಕಂಪನಿಯವರು ಹಾಕಿದ ಅಂಕಿ ಇರುತ್ತದೆ. ಸಾಬರು ಹನ್ನೊಂದು ಎಂದು ಕೊಟ್ಟ ಡಬ್ಬ ಬಿಚ್ಚಿದರೆ ಒಳಗೆ ಹನ್ನೆರಡು. ಹನ್ನೆರಡು ಎಂದು ಕೊಟ್ಟದ್ದರಲ್ಲಿ ಹನ್ನೊಂದು.

"ಇದು ಅದಲುಬದಲಾಗಿದೆ ಸಾಬರೇ."

ಅವರು ಸ್ಟೂಲಿನ ಮೇಲೆ ಕೂತು ತಮ್ಮ ಅಂಗೈ ನೋಡಿಕೊಂಡರು. "ಇವತ್ತಲ್ಲ ಟೀಚರಮ್ಮ. ಮೊದಲನೇ ದಿನದ ಮೊದಲನೇ ಆಟದಲ್ಲೇ ಆಯ್ತು. ನಂಗೆ ಜ್ವರ ಇತ್ತು. ಚಿತ್ರದಲ್ಲಿ ಆ ಹುಡುಗಿ ಬೆಟ್ಟ ಹತ್ತಿ ಸಾಯೋದು ಹನ್ನೊಂದು. ಜನ ಅಳೋದು ಹನ್ನೆರಡು. ನಾನು ಅಳು ಮೊದಲು ಹಾಕಿಬಿಟ್ಟೆ."

"ಚಾಪೆ ಖಾಲಿ ಇರುತ್ತಲ್ಲ?"

"ಆ ಹುಡುಗಿ ಅವತ್ತು ಶೂಟಿಂಗಿಗೆ ಬಂದಿರಲಿಲ್ಲವಂತೆ. ಬರೀ ಚಾಪೆ ತೆಗೆದು ಮುಗಿಸಿದ್ರಂತೆ. ಜನ ನೋಡಿದ್ರು. ಖಾಲಿ ಚಾಪೆ ಮುಂದೆ ಅತ್ರು, ಆಮೇಲೆ ಅವಳು ನಗ್ತಾ ಬಂದ್ಳು, ಉಂಡ್ಳು, ಬೆಟ್ಟ ಹತ್ತಿ ಹೋದ್ಳು. ಹಿಂಗೆ ಹೋಗೋದು ಎಷ್ಟು ಚೆಂದ ಅಂದ್ರು. ನಾನು ಎರಡನೇ ಆಟಕ್ಕೆ ಸರಿ ಮಾಡೋಣ ಅಂತಿದ್ದೆ. ಅಷ್ಟರಲ್ಲಿ ಕೆಳಗೆ ಬೀದೀಲಿ ಒಬ್ಬಾಕೆ ಕಾಯಿಲೆ ಗಂಡಂಗೆ ಚಾಪೆ ಹಾಸಿಬಿಟ್ಟಿದ್ಳು."

ಅವರು ಎದ್ದು ಹೋಗಿ ಎರಡು ಲೋಟ ಚಹಾ ತಂದರು. ಎದುರಿನ ಹೋಟೆಲಿನದಿರಬೇಕು ಎಂದುಕೊಂಡು ನಾನು ಕುಡಿದೆ. ಶುಂಠಿ ಜಾಸ್ತಿಯಾಗಿತ್ತು. ನಾನು ಕುಡಿಯುವುದನ್ನು ಅವರು ಕೊನೆಯ ಗುಟುಕಿನವರೆಗೆ ನೋಡುತ್ತಿದ್ದರು. "ನನ್ನ ಒಲೇಲಿ ಉಂಡೋರು ಯಾರೂ ಉಳಿದಿಲ್ಲ ಟೀಚರಮ್ಮ" ಎಂದರು. ನಾನು ಪಾಪ ಎಂದುಕೊಂಡೆ. ನನ್ನ ತಲೆಯಲ್ಲಿ ಬೇರೆಯದು ಓಡುತ್ತಿತ್ತು.

ತಪ್ಪಿನಿಂದ ಹುಟ್ಟಿದ ನಿಯಮ ತಪ್ಪು ತಿದ್ದಿದರೆ ಹೋಗಬೇಕಲ್ಲ. ಒಂದು ಸಲ ಊರು ಚಿತ್ರವನ್ನು ಸರಿಯಾದ ಕ್ರಮದಲ್ಲಿ ನೋಡಲಿ. ಆಗ ಸಾವು ತನ್ನಷ್ಟಕ್ಕೆ ಬರುತ್ತದೆ, ಬೇರೆ ಊರುಗಳಲ್ಲಿ ಬರುವ ಹಾಗೆ. ಅತ್ತೆಗೆ ಬಿಡುಗಡೆಯಾಗುತ್ತದೆ. ನನ್ನ ಗಂಟಲಿಂದ ಯಾರೂ ಸಾಯಬೇಕಾಗಿಲ್ಲ. ನಾನು ಇದನ್ನು ಹೇಳಿದಾಗ ಸಾಬರು ಬೇಡ ಎನ್ನಲಿಲ್ಲ. "ನಂಗೂ ಹೊರಡಬೇಕು" ಎಂದರು. ನನ್ನ ಖಾಲಿ ಲೋಟ ಎತ್ತಿಕೊಂಡು, "ಬೇರೆ ದಾರೀನೂ ಇತ್ತು" ಎಂದರು. ಏನೆಂದು ನಾನು ಕೇಳಲಿಲ್ಲ. ಚೀಟಿಗಳನ್ನು ಬರೆದೆ. ಒಳಗೆ ಹನ್ನೊಂದು ಇದ್ದ ಡಬ್ಬಕ್ಕೆ ಹನ್ನೊಂದು, ಹನ್ನೆರಡು ಇದ್ದದ್ದಕ್ಕೆ ಹನ್ನೆರಡು. ಜೀವನದಲ್ಲಿ ಎಷ್ಟೋ ತಪ್ಪು ತಿದ್ದಿದ್ದೇನೆ, ಅಷ್ಟು ಸಮಾಧಾನ ಯಾವುದರಲ್ಲೂ ಆಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಜವರಮ್ಮ ಅತ್ತೆಯ ಜೊತೆ ಇರಲು ಬಂದಳು. ಇಪ್ಪತ್ತರ ಹುಡುಗಿ, ಏಳು ತಿಂಗಳ ಬಸುರಿ, ಬಾಯಿ ಜೋರು. ಅವಳನ್ನು ಸಾಕಿದ ಅಜ್ಜಿ ಅವಳ ಮನೆಯಲ್ಲೇ ಇದ್ದಳು. ಅಜ್ಜಿಗೂ ಹೊರಡುವ ವಯಸ್ಸಾಗಿತ್ತು, ಆದರೆ "ಕೂಸಿನ ಮುಖ ನೋಡಿ ಆಮೇಲೆ ಅಳಿಸ್ಕೋತೀನಿ" ಎಂದು ಮುಂದಕ್ಕೆ ಹಾಕಿದ್ದಳು. ನಮ್ಮೂರಿನಲ್ಲಿ ಹಾಗೆ ಮುಂದಕ್ಕೆ ಹಾಕಬಹುದಿತ್ತು. ನಾನು ಸೀರೆ ಬದಲಾಯಿಸುವಾಗ ಅತ್ತೆ ಕರೆದರು.

"ಚಿತ್ರ ನೋಡ್ಕೊಂಡು ಬಾ. ನೋಡಿದ್ರೆ ಅಳೋದು ಹೆಂಗೆ ಅಂತ ಗೊತ್ತಾಗ್ತದೆ."

"ಬರ್ತೀನಿ ಅತ್ತೆ. ಇವತ್ತು ಎಲ್ಲ ಸರಿಹೋಗುತ್ತೆ."

ಅವರ ಮುಖ ಎಷ್ಟು ಬೆಳಗಿತೆಂದರೆ, ಆಗಲೇ ನನಗೆ ಅರ್ಥವಾಗಬೇಕಿತ್ತು. ಅರ್ಥವಾಗಲಿಲ್ಲ.

ನಾನು ಮಷಿನ್ ರೂಮಿನಲ್ಲೇ ನಿಂತೆ. ಸಾಬರಿಗೆ ಭಾರ ಎತ್ತಲು ಆಗುತ್ತಿರಲಿಲ್ಲ, ರೀಲುಗಳನ್ನು ನಾನೇ ಎತ್ತಿಕೊಟ್ಟೆ. ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಯ ಮಸಿ, ಮಷಿನ್ನಿನ ಎಣ್ಣೆ ಎರಡೂ ಕೈಗೆ ಮೆತ್ತಿಕೊಂಡವು. ಹತ್ತನೇ ರೀಲಿನವರೆಗೆ ಜನ ಪ್ರತಿ ವರ್ಷದ ಹಾಗೆ ಮಾತುಗಳನ್ನು ಜೊತೆಯಲ್ಲೇ ಹೇಳುತ್ತಿದ್ದರು. ಹನ್ನೊಂದು ಶುರುವಾಯಿತು. ಅಳು ಬರಬೇಕಾದ ಜಾಗದಲ್ಲಿ ಹುಡುಗಿ ನಗುತ್ತಾ ಬಂದು, ಉಂಡು, ಬೆಟ್ಟ ಹತ್ತತೊಡಗಿದಳು. ಹಾಲಿನಲ್ಲಿ ಗುಸುಗುಸು. "ಏಯ್, ಅಳು ಎಲ್ಲಿ ಹೋಯ್ತು?" "ಇನ್ನೂ ಅತ್ತಿಲ್ಲ ಕಣಮ್ಮಾ, ಹೋಗಬೇಡ!" ಒಬ್ಬಾಕೆ ಎದ್ದು ನಿಂತು ಪರದೆಯ ಕಡೆ ಕೈ ಚಾಚಿದಳು. ಹುಡುಗಿ ಬಿದ್ದಳು. ಆಮೇಲೆ ಹನ್ನೆರಡು. ಖಾಲಿ ಚಾಪೆ, ಬಟ್ಟಲು, ಸುತ್ತ ಹೆಂಗಸರು, ಎಲ್ಲರಿಗೂ ಬಾಯಿಪಾಠವಾದ ಹಾಡು:

"ಕೇಳಿದೆಯೇನೇ ಕಂದಾ, ಕೇಳಿದೆಯೇನೇ, ಬಾಗಿಲಾಚೆ ನಿಂತು ಕೇಳಿದೆಯೇನೇ."

ಯಾರೂ ಜೊತೆಗೆ ಹಾಡಲಿಲ್ಲ. ಅಷ್ಟು ವರ್ಷ ಆ ಪ್ರಶ್ನೆಗೆ ಉತ್ತರ ಇತ್ತು: ಅವಳು ಬಾಗಿಲಾಚೆಯೇ ಇದ್ದಳು, ಕೇಳಿಸಿಕೊಂಡು ನಗುತ್ತಾ ಬರುತ್ತಿದ್ದಳು. ಈಗ ಬಾಗಿಲಾಚೆ ಯಾರೂ ಇರಲಿಲ್ಲ. ಮುಂದಿನ ಸಾಲಿನಿಂದ ಒಬ್ಬ ಮುದುಕಿ ಸಣ್ಣ ದನಿಯಲ್ಲಿ ಕೇಳಿದಳು, "ಅವಳಿಗೆ ಕೇಳಿಸ್ತಾ?" ಆ ಮುದುಕಿ ಪಕ್ಕದವಳ ಭುಜಕ್ಕೆ ಒರಗಿದಳು. ನಿದ್ದೆ ಬಂತೇನೋ ಎಂದುಕೊಂಡೆ. ಇನ್ನೆರಡು ಸಾಲು ಹಿಂದೆ ಇನ್ನೊಂದು ತಲೆ ಒರಗಿತು.

ರೀಲು ಮುಗಿದು ಅದರ ಬಾಲ ಟಪ್ ಟಪ್ ಎಂದು ಮಷಿನ್ನಿಗೆ ಹೊಡೆಯತೊಡಗಿತು. ಪರದೆ ಬೆಳ್ಳಗಾಯಿತು. "ಸಾಬರೇ" ಎಂದೆ. ಅವರು ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಎರಡು ಬೆರಳು ಬಲಗಿವಿಯ ಮೇಲೆ, ಯಾವುದೋ ಸದ್ದಿಗೆ ಕಾಯುತ್ತಿರುವವರ ಹಾಗೆ. ಕೈ ಮುಟ್ಟಿದೆ. ತಣ್ಣಗಿತ್ತು. ಅವರು ಮಲಗುವ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು, ಒಳಗೆ ಒಂದು ಸಣ್ಣ ಸೀಮೆಎಣ್ಣೆ ಸ್ಟೌ, ಅದರ ಮೇಲೆ ಮಸಿ ಹಿಡಿದ ಪಾತ್ರೆ, ಪಾತ್ರೆಯ ತಳದಲ್ಲಿ ಚಹಾದ ಸೊಪ್ಪು, ಜಜ್ಜಿದ ಶುಂಠಿ. ಅವರು ಕೊಟ್ಟ ಚಹಾ ಹೋಟೆಲಿನದಾಗಿರಲಿಲ್ಲ. ಬೇರೆ ದಾರಿ ಯಾವುದೆಂದು ಆಗ ಗೊತ್ತಾಯಿತು. ಅವರು ಬಾಯಿಬಿಟ್ಟು ಕೇಳದೆ ನನ್ನಿಂದ ಒಂದು ಅಳು ಕೇಳಿದ್ದರು.

ಮನೆಗೆ ಓಡಿದೆ. ಬೀದಿಯಲ್ಲಿ ಬಿಸಿಲು ಚೆನ್ನಾಗಿತ್ತು. ಕಿಟಕಿಗಳಲ್ಲಿ ಕೂತು ಊಟಕ್ಕೆ ಕರೆಯುವವರು ಯಾರೂ ಕರೆಯಲಿಲ್ಲ. ಸರಳಿಗೆ ಹಣೆ ಹಚ್ಚಿ ಸುಮ್ಮನಿದ್ದರು.

ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ತಲೆಯ ಕಡೆ ಬಟ್ಟಲು, ಬತ್ತಿ ಉರಿಯುತ್ತಿತ್ತು. ಪಕ್ಕದಲ್ಲಿ ಮೊಸರನ್ನ ಕಲಸಿ ತಟ್ಟೆ ಮುಚ್ಚಿಟ್ಟಿತ್ತು, ಅದರ ಮೇಲೆ ಒಂದು ಎಲೆಯಲ್ಲಿ ಉಪ್ಪಿನಕಾಯಿ. ಜವರಮ್ಮ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. "ನೀವು ಇವತ್ತು ಬಂದು ಅಳ್ತೀರಿ ಅಂದ್ರು. ಎಲ್ಲ ಸರಿಹೋಗ್ತದೆ ಅಂತ ಹೇಳಿ ಹೋಗಿದ್ರಂತಲ್ಲ? ಮದುವೆ ಸೀರೆ ಉಡ್ಸು ಅಂದ್ರು, ಉಡ್ಸಿದೆ. ಅಡುಗೆಮನೇಲಿ ಕೂರ್ಸು ಅಂದ್ರು. ಕಂಬ್ಳಿ ಸಮೇತ ಮೆಲ್ಲಗೆ ಎಳ್ಕೊಂಡು ಬಂದು ಕೂರ್ಸಿದೆ. ಬಾಗಿಲಿಗೆ ಕಿವಿ ಇಟ್ಕೊಂಡು ಕೂತಿದ್ರು. ನಿಮ್ಮ ಹೆಜ್ಜೆ ಕೇಳೋದಕ್ಕೆ..."

ಅತ್ತೆ ಬಾಗಿಲಿಗೆ ಕಿವಿ ಹಚ್ಚಿಯೇ ಇದ್ದರು. ತಲೆ ಬಾಚಿ ಹೂ ಮುಡಿದಿದ್ದರು. ನಾನು ಅವರ ಎದುರು ಕುಸಿದೆ, ಆಗ ಬಂತು. ಎಲ್ಲಿತ್ತೋ, ಗಂಡನಿಗೆ ಅಳದ್ದು, ಸಾಬರಿಗೆ ಅಳದ್ದು, ಎಲ್ಲ ಸೇರಿ ಬಂತು. ಬೀದಿಯ ಕೊನೆಯವರೆಗೆ ಕೇಳಿತಂತೆ. ಅತ್ತೆಯ ಕಿವಿಗೆ ಬಾಯಿ ಇಟ್ಟು ಅಳುತ್ತಲೇ ಇದ್ದೆ. ಅವರ ಕಿವಿ ತಣ್ಣಗಿತ್ತು.

ಜವರಮ್ಮ ನನ್ನ ಕೈ ನೋಡುತ್ತಿದ್ದಳು. ಬೆರಳಿಗೆಲ್ಲ ಎಣ್ಣೆ, ಕಾರ್ಬನ್ ಮಸಿ. ಅಷ್ಟು ಹೊತ್ತಿಗೆ ಅವಳ ಮನೆಯಿಂದ ಯಾರೋ ಕೂಗಿದರು. ಅಜ್ಜಿ ಮಾತಾಡುತ್ತಿಲ್ಲ, ಬೇಗ ಬಾ ಎಂದು. ಅವಳು ಬಾಗಿಲ ಹತ್ತಿರ ನಿಂತು, ತಿರುಗಿ ನೋಡದೆ, "ಕೈ ತೊಳ್ಕೊಳ್ಳಿ ಟೀಚರಮ್ಮ" ಎಂದಳು. ಅದೇ ಕೊನೆ. ಆಮೇಲೆ ಅವಳು ನಮ್ಮ ಹೊಸಿಲು ತುಳಿಯಲಿಲ್ಲ.

ಅವತ್ತು ಮಧ್ಯಾಹ್ನ ಊರಿನಲ್ಲಿ ಒಂಬತ್ತು ಜನ ಹೋದರು. ಸಾಬರು ಸತ್ತು ರೀಲು ಹೆಚ್ಚುಕಡಿಮೆ ಆಯಿತು ಎಂದು ಜನ ಮಾತಾಡಿಕೊಂಡರು. ನಾನು ಸುಮ್ಮನಿದ್ದೆ. ತಪ್ಪು ಸಾಬರದ್ದಲ್ಲ, ನನ್ನದು. ಇದನ್ನು ಬರೆಯಲು ಇಷ್ಟು ವರ್ಷ ತೆಗೆದುಕೊಂಡೆ.

ಕೇಳುವವರಿಲ್ಲದ ಅಳು ಎಲ್ಲಿಗೂ ಹೋಗುವುದಿಲ್ಲ ಎಂಬುದು ಊರಿಗೆ ಆಮೇಲೆ ತಿಳಿಯಿತು. ಅಳುವವರಿದ್ದ ಮನೆಗಳಲ್ಲೆಲ್ಲ ಅತ್ತರು, ಅತ್ತ ಮನೆಗಳಲ್ಲೆಲ್ಲ ಅದು ಉಳಿದುಕೊಂಡಿತು. ಒಬ್ಬರ ಮನೆಯಲ್ಲಿ ಬಾವಿಗೆ ಕೊಡ ಇಳಿಸಿದರೆ ನೀರಿನ ಜೊತೆ ಮೇಲೆ ಬರುತ್ತಿತ್ತು. ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಬಿಚ್ಚಿದರೆ ಕೇಳುತ್ತಿತ್ತು. ಜವರಮ್ಮ ತೊಟ್ಟಿಲು ತೂಗಿದಾಗ ಅವಳದೇ ದನಿ ಅಜ್ಜಿಯನ್ನು ಕರೆದು ಅಳುತ್ತಿತ್ತು, ಕೂಸು ಬೆಚ್ಚಿ ಏಳುತ್ತಿತ್ತು. ಕೊನೆಗೆ ತೊಟ್ಟಿಲು ತೆಗೆದಿಟ್ಟಳು. ನನ್ನದು ಅಕ್ಕಿ ಡಬ್ಬದಲ್ಲಿ ಸೇರಿಕೊಂಡಿತು. ಮುಚ್ಚಳ ತೆಗೆದರೆ ಸಾಕು, ನನ್ನ ಗಂಟಲೇ ಒಳಗಿಂದ ಅತ್ತೆಯನ್ನು ಕೂಗುತ್ತಿತ್ತು. ಅಕ್ಕಿಯನ್ನು ಬೇರೆ ಡಬ್ಬಕ್ಕೆ ಹಾಕಿಕೊಂಡು ಅದನ್ನು ಮುಚ್ಚಿ ಅಟ್ಟಕ್ಕೆ ಏರಿಸಿದೆ.

ಕೆಲವು ತಿಂಗಳಲ್ಲೇ ಊರಿನವರು ಚಿತ್ರವನ್ನು ಇನ್ನೊಮ್ಮೆ ತೋರಿಸಬೇಕೆಂದರು. ಮಷಿನ್ ನಡೆಸಲು ಯಾರೂ ಇರಲಿಲ್ಲ. ನಾನು ಸಾಬರ ಜೊತೆ ನಿಂತು ನೋಡಿದ್ದೇನೆ, ನಡೆಸುತ್ತೇನೆ ಎಂದೆ. ಚೀಟಿಗಳನ್ನು ಕಿತ್ತು ಹೊಸದಾಗಿ ಬರೆದೆ: ಹನ್ನೊಂದರ ಮೇಲೆ ಹನ್ನೆರಡು, ಹನ್ನೆರಡರ ಮೇಲೆ ಹನ್ನೊಂದು. ನನ್ನ ಕೈಯಾರೆ ತಪ್ಪು ಬರೆದದ್ದು ಅದೊಂದೇ ಸಲ, ಅದೂ ದುಂಡಗೆ. ಹಾಲಿನಲ್ಲಿ ಖಾಲಿ ಚಾಪೆಯ ಮುಂದೆ ಎಲ್ಲರೂ ಜೊತೆಯಲ್ಲಿ ಹಾಡಿದರು. ಹುಡುಗಿ ನಗುತ್ತಾ ಬಂದಾಗ ಎಷ್ಟೋ ಜನ ಎದ್ದು ನಿಂತು ಕಿವಿ ಮುಟ್ಟಿಕೊಂಡರು. ಅವತ್ತಿನಿಂದ ಮತ್ತೆ ಮೊದಲಿನ ಹಾಗೆ.

ಮೊದಲಿನ ಹಾಗೆ ಎಂದರೆ ನನಗೂ ಮೊದಲಿನ ಹಾಗೆ. ವರ್ಷಗಳು ಹೋದವು. ಶಾಲೆ ಬಿಟ್ಟೆ. ಹಲ್ಲು ಹೋದವು, ನೆರಳು ತೆಳ್ಳಗಾಯಿತು. ವಯಸ್ಸನ್ನು ಹೇಳುವುದಿಲ್ಲ, ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ಆದರೂ ಕಿಟಕಿಯಲ್ಲಿ ಕೂತು ಯಾರನ್ನೂ ಊಟಕ್ಕೆ ಕರೆಯಲಿಲ್ಲ. ಒಂಬತ್ತು ಜನರಿಗೆ ಕೇಳದಂತೆ ಮಾಡಿದವಳಿಗೆ ಕೇಳುವ ಹಕ್ಕು ಎಲ್ಲಿದೆ?

ಇವತ್ತು ಬೆಳಿಗ್ಗೆ ಬಾಗಿಲು ಸದ್ದಾಯಿತು. ಜವರಮ್ಮ. ಅವಳಿಗೂ ಈಗ ಮೊಮ್ಮಕ್ಕಳಿದ್ದಾರೆ, ಮಂಡಿ ಹಿಡಿದುಕೊಂಡೇ ಹೊಸಿಲು ದಾಟಿದಳು. ಕಿವಿ ಮುಟ್ಟಿಕೊಳ್ಳಲಿಲ್ಲ. ಸೀದಾ ಅಡುಗೆಮನೆಗೆ ಬಂದು ಕೂತಳು.

"ಏನು ಮಾಡಿದ್ದೀರಿ?"

"ಅನ್ನ, ಸೊಪ್ಪಿನ ಸಾರು. ಉಪ್ಪು ಒಂದು ಕಲ್ಲು ಜಾಸ್ತಿಯಾಗಿದೆ."

"ಹಾಕಿ."

ನನ್ನ ಕೈ ನಿಂತಿತು. "ಜವರಮ್ಮ, ಗೊತ್ತಿದ್ದೂ..."

"ಗೊತ್ತಿದ್ದೇ ಬಂದಿದೀನಿ. ನಮ್ಮಜ್ಜಿ ನಿನ್ನೆ ಕನಸಲ್ಲಿ ಬಂದು, ಇನ್ನೂ ಎಷ್ಟು ದಿನ ಅವಳನ್ನ ಕೂರ್ಸಿರ್ತೀಯೇ ಅಂದ್ಲು. ಹಾಕಿ, ಹಸಿವಾಗ್ತದೆ."

ಅವಳು ಮೂರು ತುತ್ತು ಉಂಡಳು. "ಒಂದು ಕಲ್ಲಲ್ಲ, ನಾಲ್ಕು ಕಲ್ಲು ಜಾಸ್ತಿ" ಎಂದಳು. ನಾಲ್ಕನೆಯದನ್ನು ಬಾಯಿಗಿಡುವಾಗ ಅವಳ ಗಲ್ಲ ನಡುಗಿತು. ತಟ್ಟೆ ಸರಿಸಿ, ಕೈ ತೊಳೆದು, ನನ್ನತ್ತ ನೋಡದೆ ಮೂಲೆಯ ಚಾಪೆ ತೆಗೆದುಕೊಂಡು ಪಡಸಾಲೆಗೆ ಹೋದಳು. ಅಷ್ಟರಲ್ಲಿ ನಾನು ಈ ಕಾಗದ ಹಿಡಿದು ಕೂತೆ. ಬೀದಿಯವರು ಒಬ್ಬೊಬ್ಬರಾಗಿ ಬಂದು ಕೂರುವ ಸದ್ದು ಕೇಳುತ್ತಿದೆ.

ಈಗ ಅವಳು ಶುರು ಮಾಡಿದಳು. ಅಟ್ಟದ ಮೇಲಿನ ಅಕ್ಕಿ ಡಬ್ಬವನ್ನು ಆಗಲೇ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದೇನೆ. ಮುಚ್ಚಳ ತೆಗೆದಿಲ್ಲ. ಅದು ಇಲ್ಲಿ ತೆಗೆಯುವುದಲ್ಲ, ಅತ್ತೆಯ ಮುಂದೆ ತೆಗೆಯಬೇಕಾದದ್ದು. ಹೊರಗೆ ಜವರಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ. ಟೀಚರಮ್ಮ ಎಂದಲ್ಲ, ವನಜಾ ಎಂದು. ಬಾಗಿಲಿಗೆ ಕಿವಿ ಹಚ್ಚಿ ಕೂತಿದ್ದೇನೆ. ಚೆನ್ನಾಗಿ ಅಳುತ್ತಾಳೆ. ಇನ್ನು ಸ್ವಲ್ಪ ಹೊತ್ತು ಕೇಳಿ ಆಮೇಲೆ ಎದ್ದು ಹೋಗುತ್ತೇನೆ. ಮೊಸರು ಕಲಸಿಟ್ಟಿದ್ದಾರೆ.